ಸೈಕಲ್ ಶಾಪ್ ತಾತನ ಬಗ್ಗೆ ಬರೆದ್ರೆ ಹಾಕ್ತೀರಾ? – ಸಂಪಾದಕರ ಉತ್ತರ

ಕಡೂರಿನ ಓದುಗರಿಗೆ ನಮಸ್ಕಾರ.

ಉಳಿದವರಿಗೂ ಗೊತ್ತಾಗ್ಲಿ ಅಂತ ಮೊದ್ಲು ಪತ್ರದ ವಿಷ್ಯ ಹೇಳ್ಬಿಡ್ತೀನಿ. ಇವ್ರ ತಾತ ಹೋದ ತಿಂಗಳು ತೀರ್ಕೊಂಡ್ರು, 81 ವರ್ಷ. 1968ರಿಂದ ಒಂದು ಸೈಕಲ್ ಶಾಪ್ ಇಟ್ಕೊಂಡಿದ್ರು, ಬಾಡಿಗೆ ಸೈಕಲ್ಲು, ಪಂಕ್ಚರ್ರು, ಓವರಾಯ್ಲಿಂಗು ಎಲ್ಲಾ. ಮೊಮ್ಮಗಳು ಕೇಳಿರೋದು ಇಷ್ಟು: "ತಾತ ಏನೂ ದೊಡ್ಡ ವ್ಯಕ್ತಿ ಅಲ್ಲ ಸರ್, ಇಂಥವರ ಬಗ್ಗೆ ಬರೆದ್ರೆ ಹಾಕ್ತೀರಾ, ಇಲ್ಲ ಫೋಟೋ ಜೊತೆ ನಾಲ್ಕು ಸಾಲು ಸಾಕಾ?"

ಹಾಕ್ತೀವಮ್ಮ. ಎರಡು ಪುಟ ಕೊಡ್ತೀನಿ, ಫೋಟೋಗೆ ಬೇರೆ ಜಾಗ.

ಆದ್ರೆ ನೀವು ಕಳ್ಸಿರೋ ಡ್ರಾಫ್ಟ್ ಹಾಕೋಕಾಗಲ್ಲ. ಸರಳ ಸಜ್ಜನಿಕೆ, ಅಜಾತಶತ್ರು, ತುಂಬಲಾರದ ನಷ್ಟ ಅಂತೆಲ್ಲಾ ಇದೆ, ಒಂದೂ ಸುಳ್ಳಲ್ಲ ಅಂತ ನಂಗೂ ಗೊತ್ತು, ಆದ್ರೆ ಅದನ್ನ ಓದಿದ್ರೆ ನಿಮ್ಮ ತಾತನ ಮುಖ ಕಾಣಲ್ಲ. ಮುಖ ಕಂಡಿದ್ದು ಪತ್ರದ ಕೊನೇಲಿ ನೀವು ಸುಮ್ನೆ ಸೇರ್ಸಿರೋ ಒಂದು ಮಾತಲ್ಲಿ, ತಾತನ ಬಲಗೈ ಬೆರಳ ತುದೀಲಿ ಯಾವಾಗ್ಲೂ ಸಣ್ಣ ಸಣ್ಣ ಗಾಯ ಇರ್ತಿತ್ತು, ಊಟಕ್ಕೆ ಕೂತಾಗ ಸಾರು ತಾಗಿ ಉರೀತಿತ್ತು ಅಂತ ಬರೆದಿದೀರಲ್ಲ, ಅಲ್ಲಿ. ಆ ಗಾಯ ಯಾಕೆ ಆಗ್ತಿತ್ತು ಅಂತ ಬರೀರಿ. ಪಂಕ್ಚರ್ ಹಾಕೋರು ಟ್ಯೂಬ್ ಈಚೆ ತೆಗೆದು ಗಾಳಿ ಹೊಡೆದು ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತೆ ನೋಡ್ತಾರೆ, ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಸ್ವಲ್ಪ ಒಣಗೋವರೆಗೂ ಕಾದು ಆಮೇಲೆ ಪ್ಯಾಚ್ ಕೂರ್ಸ್ತಾರೆ. ಇಷ್ಟನ್ನ ಎಲ್ರೂ ಮಾಡ್ತಾರೆ. ನಿಯತ್ತಿನ ಕೆಲಸಗಾರ ಟ್ಯೂಬ್ ವಾಪಸ್ ಹಾಕೋ ಮುಂಚೆ ಟೈರಿನ ಒಳಗೆ ಸುತ್ತಲೂ ಬೆರಳು ಆಡಿಸಿ ನೋಡ್ತಾನೆ, ಯಾಕಂದ್ರೆ ಜಾಲಿ ಮುಳ್ಳಿನ ತುದಿ ಅಲ್ಲೇ ಮುರಿದು ಕೂತಿದ್ರೆ ಗಿರಾಕಿ ನಾಕು ಹೆಜ್ಜೆ ಹೋಗೋದ್ರಲ್ಲಿ ಮತ್ತೆ ಪಂಕ್ಚರ್ರು. ಅದು ಕಣ್ಣಿಗೆ ಕಾಣಲ್ಲ, ಬೆರಳಿಗೆ ಚುಚ್ಚಿದ್ರೇನೇ ಗೊತ್ತಾಗೋದು. ಬಿಟ್ಟಿದ್ರೆ ಇನ್ನೊಂದು ಪಂಕ್ಚರ್ ದುಡ್ಡು ನಿಮ್ಮ ತಾತನಿಗೇ ಬರ್ತಿತ್ತು, ಆದ್ರೂ ಅಷ್ಟು ವರ್ಷ ಬೆರಳು ಆಡಿಸಿದ್ರು. ಇದನ್ನ ಬರೆದ್ಮೇಲೆ ಸಜ್ಜನ ಅನ್ನೋ ಪದ ಬೇಕಾಗಲ್ಲ.

ಇನ್ನು ನೀವು ಹಿಂಜರೀತಾ ಬರೆದಿರೋ ವಿಷ್ಯ. ನಿಮ್ಮ ತಂದೆಯವ್ರಿಗೆ ತಾತನ ಮೇಲೆ ಒಂದು ಬೇಜಾರು ಕೊನೇವರೆಗೂ ಇತ್ತು, ನಮ್ಮನ್ನ ಒಂದಿನ ಜಾತ್ರೆಗೆ ಕರ್ಕೊಂಡು ಹೋಗ್ಲಿಲ್ಲ, ಮೊಮ್ಮಕ್ಕಳಿಗೆ ಮಾತ್ರ ಪ್ರಾಣ ಬಿಡ್ತಾರೆ ಅಂತ. ಇದನ್ನ ಬಿಡಲಾ ಅಂತ ಕೇಳಿದೀರಿ. ಬಿಡ್ಬೇಡಿ, ಅಪ್ಪನ್ನ ಒಂದ್ಸಲ ಕೇಳಿ, ಒಪ್ಪಿದ್ರೆ ಬರೀರಿ. ಜೊತೆಗೆ ಆ ಕಾಲದ ಲೆಕ್ಕಾನೂ ಸ್ವಲ್ಪ ಹಾಕಿ. ಎಪ್ಪತ್ತರ ದಶಕದಲ್ಲಿ ಸ್ವಂತ ಸೈಕಲ್ ಕೊಳ್ಳೋದೇ ಎಷ್ಟೋ ಮನೆಗೆ ದೊಡ್ಡ ಖರ್ಚು, ಹಾಗಾಗಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಒಯ್ಯೋರು. ಸೈಕಲ್ಲಿಗೆ ತೆರಿಗೆ ಕಟ್ಟಿದ ಗುರುತಿಗೆ ಪುರಸಭೆ ಬಿಲ್ಲೆ ಇರ್ಬೇಕು, ರಾತ್ರಿ ಲೈಟ್ ಇರ್ಬೇಕು, ಇಲ್ದಿದ್ರೆ ಪೊಲೀಸ್ರು ಹಿಡಿಯೋರು. ಕೊನೇ ಸೈಕಲ್ ವಾಪಸ್ ಬರೋವರೆಗೂ ಅಂಗಡಿ ಬಾಗಿಲು ಹಾಕೋ ಹಾಗಿಲ್ಲ, ಭಾನುವಾರ, ಜಾತ್ರೆ ದಿನ ಅಂದ್ರೆ ಇನ್ನೂ ಜಾಸ್ತಿ ಗಿರಾಕಿ. ನಿಮ್ಮ ತಂದೆ ಬೆಳೆದಿದ್ದು ಆ ಟೈಮಲ್ಲಿ. ಆಮೇಲೆ 1972ರಲ್ಲಿ ಲೂನಾ ಮೊಪೆಡ್ ಬಂತು, 1980ರಲ್ಲಿ ಹೊಸೂರಿಂದ ಟಿವಿಎಸ್ 50 ಬಂತು, ಬೈಕುಗಳು ಬಂದ್ವು, ಬಾಡಿಗೆ ಧಂದೆ ನಿಧಾನಕ್ಕೆ ಬಿದ್ದೋಯ್ತು. ನೀವು ಹುಟ್ಟೋ ಹೊತ್ತಿಗೆ ಸಾಯಂಕಾಲ ಆದ್ರೆ ಅಂಗಡೀಲಿ ಗಿರಾಕಿ ಇಲ್ಲ, ನಿಮ್ಮ ಪತ್ರದಲ್ಲೇ ಇದೆ. ನಿಮ್ಮಪ್ಪನಿಗೆ ಸಿಗದ ಮನುಷ್ಯ ನಿಮಗೆ ಸಿಕ್ಕಿದ್ದು ವ್ಯಾಪಾರ ಕುಸಿದಿದ್ದಕ್ಕೆ ಅಂತ ನನಗನ್ಸುತ್ತೆ. ಆಗ ಮನೇಲಿ ದುಡ್ಡಿಗೆ ಎಷ್ಟು ಕಷ್ಟ ಇತ್ತೋ, ಅಜ್ಜೀನ ಕೇಳಿ, ಅವ್ರಿಗೆ ಗೊತ್ತಿರುತ್ತೆ.

ತಾತ ಸೈಕಲ್ ಕಲಿಸಿದ್ದನ್ನ ಎರಡೇ ಸಾಲಲ್ಲಿ ಮುಗಿಸಿದೀರಿ, ದಯವಿಟ್ಟು ಬೆಳೆಸಿ. ದೊಡ್ಡ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯೋದು, ಹಿಂದೆ ಕ್ಯಾರಿಯರ್ ಹಿಡ್ಕೊಂಡು ಅವ್ರು ಓಡಿ ಬರೋದು, ಪಂಚೆ ಎತ್ತಿ ಕಟ್ಟಿರೋರೋ, ಬೈಯೋರೋ, ಯಾವ ರೋಡು, ಮೊದಲ್ನೇ ಸಲ ಬಿದ್ದಾಗ ನಿಮ್ಮ ಮಂಡಿ ನೋಡಿದ್ರೋ ಸೈಕಲ್ ಬೆಂಡ್ ನೋಡಿದ್ರೋ, ಎಲ್ಲಾ ಬೇಕು. 2006ರಲ್ಲಿ ಶುರುವಾದ ಸ್ಕೀಮಲ್ಲಿ ಎಂಟನೇ ಕ್ಲಾಸಿಗೆ ನಿಮಗೂ ಸರ್ಕಾರಿ ಸೈಕಲ್ ಬಂದಾಗ, ಮನೆಗೆ ತಂದ ದಿನಾನೇ ತಾತ ಅದನ್ನ ಪೂರ್ತಿ ಬಿಚ್ಚಿ, ಗ್ರೀಸ್ ಹಾಕಿ, ಎರಡೂ ಚಕ್ರದ ಬೆಂಡ್ ತೆಗೆದು ಮತ್ತೆ ಜೋಡಿಸಿದ್ರಂತೆ. ಆಮೇಲೆ ನಿಮ್ಮ ಕ್ಲಾಸಿನ ಹುಡುಗೀರೆಲ್ಲಾ ತಮ್ಮ ಸೈಕಲ್ ತಂದು ನಿಲ್ಲಿಸಿದ್ರು, ಅವರ ಬ್ರೇಕ್ ಟೈಟ್ ಮಾಡೋಕೆ ಒಂದು ಪೈಸೆ ತಗೊಳ್ಳಿಲ್ಲ. ಓದುವಾಗ ಗಂಟ್ಲು ಕಟ್ತು ನಂಗೆ. ಆ ಹುಡುಗೀರಲ್ಲಿ ಒಬ್ರಿಬ್ರನ್ನ ಹುಡುಕಿ ಮಾತಾಡ್ಸಿ, ಅವ್ರಿಗೆ ನೆನಪಿರೋದು ನಿಮಗೆ ನೆನಪಿರೋದಕ್ಕಿಂತ ಬೇರೆ ಇರ್ಬಹುದು.

ಕೊನೇದಾಗಿ ಉದ್ರಿ ಪುಸ್ತಕ. ಬಾಕಿ ಬರ್ಕೊಂಡಿರೋ ಹಳೇ ನೋಟ್‌ಬುಕ್ಕಿನ ಪುಟಗಳನ್ನ ಲೇಖನದ ಜೊತೆ ಹಾಕೋಣ ಅಂದಿದೀರಿ. ಆಸೆ ನಂಗೂ ಆಯ್ತು, ಆದ್ರೆ ಹೆಸರು ಕಾಣೋ ಹಾಗೆ ಹಾಕಲ್ಲ, ಬಾಕಿ ಉಳಿಸ್ಕೊಂಡೋರ ಮಕ್ಕಳು ಮೊಮ್ಮಕ್ಕಳು ಅದೇ ಊರಲ್ಲಿದಾರೆ, ನಿಮ್ಮ ತಾತ ಬದುಕಿದ್ದಾಗ ಯಾರಿಗೂ ತೋರ್ಸದ ಪುಸ್ತಕ ಅದು. ಹೆಸರು ಮುಚ್ಚಿ ಅವರ ಕೈಬರಹದ ಒಂದು ಪುಟ ಮಾತ್ರ ಕಳ್ಸಿ. ಮುಂದಿನ ತಿಂಗಳ ಹತ್ತರೊಳಗೆ ಬಂದ್ರೆ ಆ ಸಂಚಿಕೆಗೇ ಹಾಕ್ತೀನಿ, ತಡ ಆದ್ರೆ ಅದರ ಮುಂದಿನದಕ್ಕೆ. ಅಂಗಡಿ ಖಾಲಿ ಮಾಡೋ ಮುಂಚೆ ಒಳಗಿನ ಫೋಟೋನೂ ತೆಗೆದಿಟ್ಕೊಳ್ಳಿ.

– ಸಂಪಾದಕ