ಮುಚ್ಚಿದ ಸಂಸ್ಥೆಯ ವೆಬ್‌ಸೈಟ್ ಉಳಿಸೋದು ಹೇಗೆ? ಮೊದಲು ಪಾಸ್‌ವರ್ಡ್ ಯಾರ ಹತ್ತಿರ ಇದೆ ನೋಡಿ

ನೀವು ಕೇಳಿದ್ದು ಇಷ್ಟು: ಸಾಗರದ ಕಡೆ ನಿಮ್ಮದೊಂದು ಸಣ್ಣ ಸಂಸ್ಥೆ ಇತ್ತು, ಈ ಮಾರ್ಚ್ ಕೊನೆಗೆ ಬಾಗಿಲು ಹಾಕಿತು. ಹದಿನೈದು ವರ್ಷದ ವರದಿ, ಫೋಟೊ, ಆಡಿಯೊ ಎಲ್ಲ ವೆಬ್‌ಸೈಟ್‌ನಲ್ಲಿದೆ. ಜೂನ್‌ಗೆ ಅದರ ಅವಧಿ ಮುಗಿಯುತ್ತೆ. ದುಡ್ಡಿಲ್ಲ, ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವವರೂ ಇಲ್ಲ. ಹಳೇ ವೆಬ್ ಪುಟಗಳ ನಕಲು ಇಟ್ಟುಕೊಳ್ಳೋ ವೇಬ್ಯಾಕ್ ಮೆಷಿನ್‌ಗೆ ಹಾಕಿದರೆ ಸಾಕಾ?

ಸಾಕಾಗಲ್ಲ. ನಾನು ತೀರ್ಥಹಳ್ಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಕರಪತ್ರದ ಜೊತೆ ಸುತ್ತಮುತ್ತಲಿನ ಮೂರ್ನಾಲ್ಕು ಸಂಘಗಳ ವೆಬ್‌ಸೈಟನ್ನೂ ನೋಡಿಕೊಳ್ತಿದ್ದೆ. ಅದರಲ್ಲಿ ಎರಡು ಸಂಘ ಈಗ ಇಲ್ಲ. ಒಂದರ ವೆಬ್‌ಸೈಟ್ ಕಳೆದುಕೊಂಡೆವು, ಇನ್ನೊಂದನ್ನು ಉಳಿಸಿದೆವು. ಕಳೆದುಕೊಂಡ ಕಥೆಯಲ್ಲೇ ಕಲಿಯೋದು ಜಾಸ್ತಿ ಇರೋದರಿಂದ ಅದನ್ನೇ ಮೊದಲು ಹೇಳ್ತೀನಿ.

ಅದೊಂದು ಪುಟ್ಟ ಟ್ರಸ್ಟ್. ಜೀರಿಗೆ ಸಣ್ಣದಂಥ ಹಳೇ ಭತ್ತದ ತಳಿಗಳನ್ನು ಹುಡುಕೋದು, ನಾಟಿ ಮಾಡುವಾಗ ಹೆಂಗಸರು ಹೇಳುವ ಹಾಡುಗಳನ್ನು ರೆಕಾರ್ಡ್ ಮಾಡೋದು, ಇಷ್ಟೇ ಅವರ ಕೆಲಸ. ಕೊರೊನಾ ಬಂದಮೇಲೆ ಬರುತ್ತಿದ್ದ ದುಡ್ಡು ನಿಂತಿತು, ಸಂಸ್ಥೆಯೂ ನಿಂತಿತು. ವೆಬ್‌ಸೈಟ್ ಇದ್ದೇ ಇರುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದೆವು, ನಾನೂ ಸೇರಿ. ಆದರೆ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಇದ್ದದ್ದು ಮೊದಲ ಕಾರ್ಯದರ್ಶಿಯ ಸ್ವಂತ ಇಮೇಲ್ ಮೇಲೆ. ಅವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಯಾವ ಕಾಲವಾಯಿತೋ. ದುಡ್ಡು ಕಟ್ಟಿ ಅಂತ ಬಂದ ಮೇಲ್‌ಗಳೆಲ್ಲ ಯಾರೂ ತೆರೆಯದ ಆ ಡಬ್ಬಿಯಲ್ಲೇ ಬಿದ್ದಿದ್ದವು. ಒಂದು ದಿನ ಒಬ್ಬ ಮೇಷ್ಟ್ರು ಫೋನ್ ಮಾಡಿ, ಏನ್ರೀ ಇದು, ನಾಟಿ ಹಾಡು ಅಂತ ಮಕ್ಕಳಿಗೆ ತೋರಿಸೋಕೆ ಹೋದರೆ ರಮ್ಮಿ ಆಡಿ ಅಂತ ಬರ್ತಿದೆ ಅಂದರು. ಯಾರೋ ಆ ವಿಳಾಸ ಕೊಂಡು ಜೂಜಿನ ಅಂಗಡಿ ತೆರೆದಿದ್ದರು. ಹಳೇ ವಿಳಾಸಕ್ಕೆ ಎಷ್ಟೋ ಕಡೆಯಿಂದ ಲಿಂಕ್ ಇರುತ್ತೆ, ಜನ ಬಂದೇ ಬರ್ತಾರೆ. ಅದಕ್ಕೇ ಇಂಥವರು ಕಾದು ಕೂತಿರ್ತಾರೆ.

ಆಮೇಲೆ ವೇಬ್ಯಾಕ್ ಮೆಷಿನ್‌ಗೆ ಹೋಗಿ ನೋಡಿದೆವು. ಮುಖಪುಟ ಇತ್ತು. ಹಾಡಿನ ಪುಟವೂ ಇತ್ತು, ನನಗೆ ಖುಷಿಯೋ ಖುಷಿ. ಹಾಡಿನ ಮೊದಲ ಸಾಲು, ಹಾಡಿದವರ ಊರು, ಪಕ್ಕದಲ್ಲಿ ಒತ್ತೋದಕ್ಕೆ ಸಣ್ಣ ತ್ರಿಕೋನ. ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ಸೊನ್ನೆ ಸೊನ್ನೆ ಅಂತ ತೋರಿಸಿ ನಿಂತಿತು. ಎರಡನೇದು ಒತ್ತಿದೆ, ಹಾಗೇ. ಒಂದೂ ಹಾಡಲಿಲ್ಲ. ಆಡಿಯೊ ಫೈಲ್‌ಗಳು ಇದ್ದದ್ದು ಬೇರೊಂದು ಕಡೆ, ಪುಟದಲ್ಲಿದ್ದದ್ದು ಬರೀ ಅದರ ಕಿಟಕಿ. ಕೊನೆಗೆ ಒಬ್ಬರ ಮನೆಯ ಟ್ರಂಕ್‌ನಲ್ಲಿ ನಾಲ್ಕು ಸಿಡಿ ಸಿಕ್ಕವು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಸಿಡಿ ಬಿಡುತ್ತಾ? ಓದಿದ್ದು ಒಂದೇ ಒಂದು.

ಹಾಗಾಗಿ ನನ್ನ ಸಲಹೆ, ಸಾಫ್ಟ್‌ವೇರ್ ಹುಡುಕೋಕೆ ಮುಂಚೆ ಜನರನ್ನು ಹುಡುಕಿ. ಡೊಮೇನ್ ಯಾರ ಹೆಸರಲ್ಲಿದೆ, ಯಾವ ಇಮೇಲ್‌ಗೆ ಕಟ್ಟಿದೆ, ಆ ಇಮೇಲ್ ಇನ್ನೂ ತೆರೆಯುತ್ತಾ, ಓಟಿಪಿ ಹೋಗೋದು ಯಾರ ಫೋನಿಗೆ? ಇದನ್ನು ಈ ವಾರವೇ ಪತ್ತೆ ಮಾಡಿ. ಡೊಮೇನ್ ಬೇರೆ, ಹೋಸ್ಟಿಂಗ್ ಬೇರೆ. ಮೊದಲನೇದು ವಿಳಾಸ, ಎರಡನೇದು ಸಾಮಾನು ಇಟ್ಟಿರುವ ಗೋದಾಮು. ಎರಡರ ಬಿಲ್ಲೂ ಬೇರೆ, ಮುಗಿಯುವ ದಿನವೂ ಬೇರೆ ಇರಬಹುದು. ಜೂನ್ ಅಂದಿರಲ್ಲ, ಅದು ಯಾವುದರದ್ದು?

ಡಾಟ್ ಕಾಂ ಥರದ ಡೊಮೇನ್ ಆದರೆ ಅವಧಿ ಮುಗಿದ ದಿನವೇ ಕೈಬಿಟ್ಟು ಹೋಗಲ್ಲ. ಸಾಮಾನ್ಯವಾಗಿ 45 ದಿನದವರೆಗೆ ಮಾಮೂಲಿ ದುಡ್ಡು ಕಟ್ಟಿ ಉಳಿಸಿಕೊಳ್ಳೋ ಅವಕಾಶ ಇರುತ್ತೆ, ಆದರೆ ಅದು ಕಂಪನಿಯಿಂದ ಕಂಪನಿಗೆ ಬೇರೆ. ಆಮೇಲೆ 30 ದಿನ ದಂಡದ ಸಮೇತ ಬಿಡಿಸಿಕೊಳ್ಳಬಹುದು. ಅದೂ ಮುಗಿದರೆ 5 ದಿನ ಯಾರಿಗೂ ಸಿಗಲ್ಲ, ಆಮೇಲೆ ಮೊದಲು ಬಂದವರಿಗೆ. ಹೋಸ್ಟಿಂಗ್‌ಗೆ ಇಷ್ಟು ಕರುಣೆ ಇಲ್ಲ. ಬಿಲ್ ಕಟ್ಟಿಲ್ಲ ಅಂದರೆ ಅವರು ಒಂದು ದಿನ ಅಳಿಸಿಬಿಡ್ತಾರೆ. ದುಡ್ಡಿಲ್ಲ ಅಂದಿರಿ, ಆದರೂ ಹಳೇ ಸದಸ್ಯರು ನಾಲ್ಕು ಜನ ಸೇರಿ ಡೊಮೇನ್ ಒಂದನ್ನಾದರೂ ಎರಡು ಮೂರು ವರ್ಷಕ್ಕೆ ಕಟ್ಟಿಬಿಡಿ. ವರ್ಷಕ್ಕೆ ಸಾವಿರ ರೂಪಾಯಿ ಆಚೀಚೆ ಆಗುತ್ತೆ. ರಮ್ಮಿ ಬರೋದಾದರೂ ತಪ್ಪುತ್ತೆ.

ಈಗ ಸಾಮಾನು ಇಳಿಸೋ ಕೆಲಸ. ನಿಮ್ಮದು ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಡಿದ ಸೈಟ್ ಅಂತ ಅಂದುಕೊಳ್ತೀನಿ, ಇಂಥ ಸಂಸ್ಥೆಗಳದ್ದು ಜಾಸ್ತಿ ಅದೇ. ಅದರಲ್ಲಿ ಎಕ್ಸ್‌ಪೋರ್ಟ್ ಅಂತ ಒಂದು ಬಟನ್ ಇದೆ, ಒತ್ತಿದರೆ ಒಂದು ಫೈಲ್ ಬರುತ್ತೆ. ಎಲ್ಲ ಬಂತು ಅಂತ ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಆ ಫೈಲ್‌ನಲ್ಲಿ ಬರಹ ಇರುತ್ತೆ, ಫೋಟೊ ಇರಲ್ಲ, ಫೋಟೊ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಇರುತ್ತೆ. ಗೋದಾಮು ಮುಚ್ಚಿದ ಮೇಲೆ ಆ ವಿಳಾಸ ಇಟ್ಟುಕೊಂಡು ಏನು ಮಾಡ್ತೀರಿ? ಅದಕ್ಕೆ ಹೋಸ್ಟಿಂಗ್ ಖಾತೆಯ ಒಳಗೆ ಹೋಗಿ ಪೂರ್ತಿ ಬ್ಯಾಕಪ್ ಇಳಿಸಿ. ಫೋಟೊ, ಫೈಲ್‌ಗಳಿರುವ ಅಪ್‌ಲೋಡ್ಸ್ ಅನ್ನೋ ಫೋಲ್ಡರ್ ಮತ್ತು ಬರಹಗಳಿರುವ ಡೇಟಾಬೇಸ್, ಈ ಎರಡು ಕೈಗೆ ಬಂದರೆ ಅರ್ಧ ಗೆದ್ದ ಹಾಗೆ. ಹೋಸ್ಟಿಂಗ್ ಖಾತೆ ನೋಡಿಕೊಳ್ಳೋಕೆ ಸಿಪ್ಯಾನೆಲ್ ಅನ್ನೋದು ಇದ್ದರೆ ಬ್ಯಾಕಪ್ ಅಂತಲೇ ಬರೆದಿರುತ್ತೆ.

ಆದರೆ ಡೇಟಾಬೇಸ್ ಇಟ್ಟುಕೊಂಡು ನಾಳೆ ಯಾರೂ ಸುಮ್ನೆ ಕೂತು ಓದಲ್ಲ. ಓದೋ ಹಾಗೆ ಇರಬೇಕು ಅಂದರೆ ಪುಟಗಳನ್ನು ಪುಟದ ರೂಪದಲ್ಲೇ ನಕಲು ಮಾಡಬೇಕು. ಎಚ್‌ಟಿಟ್ರ್ಯಾಕ್ ಅಂತ ಹಳೇ ಉಚಿತ ಸಾಫ್ಟ್‌ವೇರ್ ಇದೆ. ವಿಳಾಸ ಕೊಟ್ಟು ರಾತ್ರಿ ಬಿಟ್ಟರೆ ಲಿಂಕ್ ಹಿಡಿದು ಹೋಗಿ ಪುಟಗಳನ್ನೆಲ್ಲ ಒಂದು ಫೋಲ್ಡರ್‌ಗೆ ತಂದು ಹಾಕುತ್ತೆ, ನೆಟ್ ಇಲ್ಲದೆಯೂ ತೆರೆಯಬಹುದು. ಹುಡುಕುವ ಪೆಟ್ಟಿಗೆ, ಅರ್ಜಿ ಫಾರಂ ಇಂಥವು ಕೆಲಸ ಮಾಡಲ್ಲ, ಪರವಾಗಿಲ್ಲ. ಆಡಿಯೊ, ಮ್ಯಾಪ್, ಒತ್ತಿದರೆ ಬಿಚ್ಚಿಕೊಳ್ಳುವ ಫೋಟೊ ಸಾಲು ಇದ್ದರೆ ಅದರಲ್ಲಿ ಸರಿಯಾಗಿ ಬರಲ್ಲ. ಅದಕ್ಕೆ ಆರ್ಕೈವ್‌ವೆಬ್ ಡಾಟ್ ಪೇಜ್ ಅಂತ ಕ್ರೋಮ್‌ಗೆ ಹಾಕಿಕೊಳ್ಳೋ ಎಕ್ಸ್‌ಟೆನ್ಷನ್ ಇದೆ. ಶುರು ಅಂತ ಒತ್ತಿ ನೀವು ಮಾಮೂಲಿನ ಹಾಗೆ ಸೈಟ್ ನೋಡ್ತಾ ಹೋಗಿ, ನೀವು ನೋಡಿದ್ದು ಕೇಳಿದ್ದು ಎಲ್ಲ ಅದು ಹಿಡಿದಿಟ್ಟುಕೊಳ್ಳುತ್ತೆ. ನೀವು ಒತ್ತದೇ ಇದ್ದದ್ದು ಮಾತ್ರ ಬರಲ್ಲ. ಹಾಗಾಗಿ ಪ್ರತಿ ಹಾಡನ್ನೂ ಒಂದೊಂದಾಗಿ ಒತ್ತಬೇಕು. ಎರಡನೇ ಸಂಘದ್ದು ಉಳಿಸುವಾಗ ನಮ್ಮನೆಯವಳೂ ನಾನೂ ಎರಡು ಸಂಜೆ ಕೂತು ಇದನ್ನೇ ಮಾಡಿದೆವು. ಅವಳಿಗೆ ಅಷ್ಟೂ ಬಾಯಿಪಾಠ ಆಗಿದೆ ಈಗ.

ವೇಬ್ಯಾಕ್ ಬೇಡ ಅಂತಲ್ಲ, ಅದನ್ನೂ ಖಂಡಿತ ಮಾಡಿ. ಇಂಟರ್ನೆಟ್ ಆರ್ಕೈವ್ ಅನ್ನೋ ಲಾಭಕ್ಕಲ್ಲದ ಸಂಸ್ಥೆ ನಡೆಸೋದು ಅದನ್ನ. 1996ರಿಂದ ಪುಟ ಸೇರಿಸ್ತಾ ಬಂದಿದ್ದಾರೆ, 2001ರಲ್ಲಿ ಎಲ್ಲರಿಗೂ ತೆರೆದರು. ವಿಳಾಸ ಅಂಟಿಸಿ ಸೇವ್ ಅಂದರೆ ಅದು ಉಳಿಸೋದು ಆ ಒಂದು ಪುಟವನ್ನ. ಮುಖಪುಟ ಕೊಟ್ಟರೆ ಇಡೀ ಸೈಟ್ ಹೋಯಿತು ಅಂತ ಜನ ತಿಳ್ಕೊಳ್ತಾರೆ, ಇಲ್ಲ. ಉಚಿತ ಖಾತೆ ಮಾಡಿಕೊಂಡರೆ ಪುಟದಲ್ಲಿರುವ ಲಿಂಕ್‌ಗಳನ್ನೂ ಸೇರಿಸಿ ಅನ್ನೋ ಗುರುತು ಸಿಗುತ್ತೆ. ಪುಟಗಳು ನೂರಾರು ಇದ್ದರೆ ವಿಳಾಸಗಳನ್ನೆಲ್ಲ ಒಂದು ಗೂಗಲ್ ಶೀಟ್‌ನಲ್ಲಿ ಸಾಲಾಗಿ ಹಾಕಿ ಕೊಡೋ ವ್ಯವಸ್ಥೆಯೂ ಅಲ್ಲೇ ಇದೆ. ಆ ಪಟ್ಟಿ ಎಲ್ಲಿಂದ ತರೋದು ಅಂದರೆ, ವರ್ಡ್‌ಪ್ರೆಸ್ 2020ರ ಆಗಸ್ಟ್ ನಂತರದ್ದಾದರೆ ಸೈಟ್‌ಮ್ಯಾಪ್, ಅಂದರೆ ಪುಟಗಳ ವಿಳಾಸದ ಪಟ್ಟಿ, ತಾನೇ ಮಾಡಿಕೊಂಡಿರುತ್ತೆ. ಪಿಡಿಎಫ್ ವರದಿಗಳ ವಿಳಾಸ ಅದರಲ್ಲಿ ಇರಲ್ಲ, ಅವನ್ನು ಬೇರೆಯಾಗಿ ಸೇರಿಸಿ.

ವೇಬ್ಯಾಕ್ ಒಂದನ್ನೇ ನಂಬಬೇಡಿ ಅನ್ನೋದಕ್ಕೆ ಕಾರಣ ಇದೆ. 2024ರ ಅಕ್ಟೋಬರ್‌ನಲ್ಲಿ ಅವರ ಮೇಲೆ ಸೈಬರ್ ದಾಳಿ ಆಗಿ ಎಲ್ಲ ಬಂದ್ ಆಗಿತ್ತು. ತೆರೆದ ಮೇಲೂ ಸ್ವಲ್ಪ ದಿನ ಹಳೇದನ್ನು ನೋಡಬಹುದಿತ್ತೇ ಹೊರತು ಹೊಸದನ್ನು ಹಾಕೋಕೆ ಆಗ್ತಿರಲಿಲ್ಲ. ಅದರ ಹಿಂದಿನ ವರ್ಷ ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಾಲಯವಾದ ಬ್ರಿಟಿಷ್ ಲೈಬ್ರರಿಗೂ ಹೀಗೇ ಆಯಿತು. ಅಲ್ಲಿ 2013ರಿಂದ ಕಾನೂನಿನ ಪ್ರಕಾರವೇ ದೇಶದ ವೆಬ್‌ಸೈಟ್‌ಗಳನ್ನು ಸಂಗ್ರಹಿಸ್ತಾರೆ. ನಮ್ಮಲ್ಲಿ ಪುಸ್ತಕ ಅಚ್ಚು ಮಾಡಿದರೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕೊಡಬೇಕು ಅಂತ 1954ರಿಂದ ಕಾಯ್ದೆ ಇದೆ. ಪುಸ್ತಕಕ್ಕೆ ಇದೆ, ಪತ್ರಿಕೆಗೆ ಇದೆ, ವೆಬ್‌ಸೈಟ್‌ಗೆ ಇಲ್ಲ. ಕಾಗದವಾದರೆ ಹೇಗೋ ಉಳಿಯುತ್ತೆ. ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಲ್ಲಿಯ ಕಾಗದದ ನೋಟ್‌ಬುಕ್ ನನ್ನ ಅಂಗಡಿಯ ಕಪಾಟಿನಲ್ಲಿ ಇವತ್ತಿಗೂ ಇದೆ, ಗೆದ್ದಲು ಬಂದಿಲ್ಲ. ಅದೇ ಆ ಟ್ರಸ್ಟಿನ ಸೈಟ್ ಸಂಸ್ಥೆ ನಿಂತ ಮೇಲೆ ನಾಲ್ಕು ವರ್ಷ ಬಾಳಲಿಲ್ಲ ನೋಡಿ.

ಇನ್ನೊಂದು ವಿಷಯ, ಇದು ನಮ್ಮ ಕನ್ನಡದವರಿಗೇ ಮೀಸಲಾದ ತಲೆನೋವು. ಹದಿನೈದು ವರ್ಷದ್ದು ಅಂದರೆ ನಿಮ್ಮ ಸೈಟ್ 2010ರ ಆಸುಪಾಸಿನದು. ಆಗಿನ ವರದಿಗಳನ್ನು ‘ನುಡಿ’, ‘ಬರಹ’ ಅನ್ನೋ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿರ್ತಾರೆ, ಎಲ್ಲ ಕಂಪ್ಯೂಟರ್, ಫೋನ್‌ಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಆಗಿರೋದು ಅನುಮಾನ. ನಾನೇ ಎಷ್ಟೋ ಮಾಡಿಕೊಟ್ಟಿದ್ದೇನೆ. ನೋಡೋಕೆ ಕನ್ನಡದ ಹಾಗೇ ಕಾಣುತ್ತೆ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ ನೋಡಿ. ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಚುಕ್ಕಿ, ಟೋಪಿ ಬಂದು ಏನೇನೋ ಆಗುತ್ತೆ. ಅಂದರೆ ಒಳಗೆ ಇರೋದು ಕನ್ನಡ ಅಲ್ಲವೇ ಅಲ್ಲ, ಮೇಲೆ ಕನ್ನಡದ ಫಾಂಟ್ ಹೊದಿಸಿದ್ದಾರೆ ಅಷ್ಟೆ. ಫಾಂಟ್ ಹೋದರೆ ಬರಹವೂ ಹೋಯಿತು, ಯಾರು ಹುಡುಕಿದರೂ ಸಿಗಲ್ಲ. ಕೆಲವು ಹಳೇ ಸೈಟ್‌ಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತಾನಾಗೇ ಫಾಂಟ್ ಇಳಿಸಿಕೊಳ್ಳೋ ಹಾಗೆ ಇದ್ದವು, ಆ ಬ್ರೌಸರನ್ನೇ 2022ರಲ್ಲಿ ನಿಲ್ಲಿಸಿದರು. ಹಾಗಾಗಿ ಮೂಲ ಪುಟ ಹಾಗೇ ಇಡಿ, ಫಾಂಟ್ ಫೈಲನ್ನೂ ಅದೇ ಫೋಲ್ಡರ್‌ಗೆ ಹಾಕಿ. ಜೊತೆಗೆ ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿದ ಪ್ರತಿ ಒಂದನ್ನು ಇಡಿ. ಒತ್ತು, ಅರ್ಕಾವತ್ತು ತಪ್ಪುತ್ತೆ, ಒಬ್ಬರು ಕೂತು ಕಣ್ಣಾಡಿಸಲೇಬೇಕು.

ವರದಿ, ಆಡಿಯೊ, ಫೋಟೊಗಳನ್ನು ಅದೇ ಇಂಟರ್ನೆಟ್ ಆರ್ಕೈವ್‌ನ ಆರ್ಕೈವ್ ಡಾಟ್ ಆರ್ಗ್‌ಗೆ ಬೇರೆಯಾಗಿ ಅಪ್‌ಲೋಡ್ ಮಾಡಬಹುದು, ದುಡ್ಡು ಕೇಳಲ್ಲ. ನೀವೇ ಮಾಡಿದ ಸೈಟಿನ ನಕಲನ್ನೂ ಅಲ್ಲಿ ಇಡಬಹುದು. ಆದರೆ ಹಾಗೆ ಇಟ್ಟ ಮಾತ್ರಕ್ಕೆ ಅದು ವೇಬ್ಯಾಕ್‌ನಲ್ಲಿ ಕಾಣಿಸಿಕೊಳ್ಳಲ್ಲ, ಇಳಿಸಿಕೊಂಡು ನೋಡಬೇಕು. ಅಪ್‌ಲೋಡ್ ಮಾಡುವಾಗ ಶೀರ್ಷಿಕೆ, ವಿವರ ಕನ್ನಡದಲ್ಲೇ ಬರೆಯಿರಿ. ಯಾವ ಊರು, ಯಾವ ವರ್ಷ, ಯಾರು ಹಾಡಿದ್ದು ಅಂತ ಇಲ್ಲದ ಫೈಲ್ ಇದ್ದೂ ಇಲ್ಲದ ಹಾಗೆ.

ಹಾಕೋಕೆ ಮುಂಚೆ ಏನು ಹಾಕಬಾರದು ಅಂತಲೂ ನೋಡಿ. ಎರಡನೇ ಸಂಘದ ಸೈಟ್‌ನಲ್ಲಿ ಒಂದು ಪಿಡಿಎಫ್ ತೆರೆದರೆ ಫಲಾನುಭವಿಗಳ ಪಟ್ಟಿ: ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ, ಎಲ್ಲ ಸಾಲಾಗಿ! ಯಾರೋ ಯಾವುದೋ ಲೆಕ್ಕಕ್ಕೆ ಅಂತ ಹಾಕಿದ್ದು, ತೆಗೆಯೋದು ಮರೆತಿದ್ದರು. ಇಂಥದ್ದನ್ನು ಮೊದಲು ಸೈಟಿನಿಂದಲೇ ತೆಗೆದು ಆಮೇಲೆ ನಕಲು ಮಾಡಿ. ಮಕ್ಕಳ ಫೋಟೊ ಇದ್ದರೂ ಯೋಚನೆ ಮಾಡಿ. ಹಾಗೇ ಬರಹ, ಫೋಟೊಗಳ ಹಕ್ಕು ಸಂಸ್ಥೆಯದ್ದಾ, ಬರೆದವರದ್ದಾ? ಟ್ರಸ್ಟಿಗಳು ಇನ್ನೂ ಸಿಗ್ತಾರೆ ಅನ್ನುವಾಗಲೇ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಸಂಸ್ಥೆ ಮುಚ್ಚಿ ಎರಡು ವರ್ಷ ಆದಮೇಲೆ ಸಹಿ ಹಾಕೋಕೆ ಯಾರೂ ಇರಲ್ಲ, ಇದ್ದರೂ ಜಗಳ ಇರುತ್ತೆ.

ಎಲ್ಲ ಆದಮೇಲೆ ಮೂರು ಪ್ರತಿ ಮಾಡಿ. ಒಂದು ಹಾರ್ಡ್‌ಡಿಸ್ಕ್ ನಿಮ್ಮಲ್ಲಿ, ಇನ್ನೊಂದು ಬಯಲುಸೀಮೆಯ ತೇವ ಇಲ್ಲದ ಕಡೆ ಇರುವ ಯಾರಾದರೂ ನೆಂಟರಲ್ಲಿ, ಮೂರನೇದು ನೆಟ್ ಮೇಲೆ. ಮನೆಯಲ್ಲಿಡೋದನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಶೂ ಡಬ್ಬಿಯಲ್ಲಿ ಬರುತ್ತಲ್ಲ ಸಿಲಿಕಾ ಪೊಟ್ಟಣ, ಅದನ್ನು ನಾಲ್ಕು ಜೊತೆಗಿಡಿ. ಅಟ್ಟದ ಮೇಲೆ ಬೇಡ. ಆಮೇಲೆ ಮೊಬೈಲ್ ಡೇಟಾ, ವೈಫೈ ಎಲ್ಲ ಆಫ್ ಮಾಡಿ ನಕಲನ್ನು ತೆರೆದು ನೋಡಿ. ನೆಟ್ ಇದ್ದಾಗ ಎಲ್ಲ ಸರಿಯಾಗಿ ಕಾಣುತ್ತೆ, ಯಾಕಂದ್ರೆ ಅರ್ಧ ಫೋಟೊ ಇನ್ನೂ ಹಳೇ ಸೈಟಿಂದಲೇ ಬರ್ತಿರುತ್ತೆ. ನಾನು ಹೀಗೆ ನೋಡಿದಾಗಲೇ ಗೊತ್ತಾಗಿದ್ದು, ಒಂದಿಡೀ ವರ್ಷದ ಫೋಟೊ ಇಳಿದೇ ಇರಲಿಲ್ಲ ಅಂತ. ಸೈಟ್ ಇನ್ನೂ ಜೀವಂತ ಇತ್ತು, ಮತ್ತೆ ಇಳಿಸಿದೆವು.

ಡೊಮೇನ್ ಯಾರ ಹೆಸರಲ್ಲಿದೆ ಅಂತ ಗೊತ್ತಾದ ಮೇಲೆ ಇಲ್ಲೇ ಕೆಳಗೆ ಹೇಳಿ, ಮುಂದಿನದಕ್ಕೆ ಕೈಲಾದಷ್ಟು ಸಹಾಯ ಮಾಡ್ತೀನಿ. ಮೇ ತಿಂಗಳೊಳಗೆ ಇಳಿಸೋ ಕೆಲಸ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ.