ಕ್ಯಾಮೆರಾ ಪ್ರಶ್ನೋತ್ತರ: ಕೆಡವುವ ಮುನ್ನ ಒಂದು ಚಿತ್ರ

ಪ್ರಶ್ನೆ: ಬೆಂಗಳೂರಿನ ಬಸವನಗುಡಿಯ ಹಳೆಯ ಮಂಕಿಟಾಪ್ ಮನೆಗಳ (ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮಾಡಿರುವ ಮನೆಗಳು) ಫೋಟೊ ತೆಗೆದಿಡುತ್ತಿದ್ದೇನೆ. ಮೊಬೈಲಿನಲ್ಲಿ ಗೋಡೆಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ. ಪರಿಹಾರವೇನು?

ಉತ್ತರ: ಮೊಬೈಲನ್ನು ಮೇಲಕ್ಕೆ ಓರೆ ಮಾಡುವುದೇ ಕಾರಣ. ಪರದೆಯ ಮೇಲೆ ಗ್ರಿಡ್ ಹಾಕಿಕೊಂಡು ನೆಟ್ಟಗೆ ಹಿಡಿಯಿರಿ, ಎದುರಿನ ಫುಟ್‌ಪಾತಿಗೆ ಸರಿಯಿರಿ. ಮಾಡು ಚೌಕಟ್ಟಿನಿಂದ ಹೊರಗುಳಿದರೆ ಉದ್ದುದ್ದಕ್ಕೆ ಹಿಡಿದು, ಕೆಳಗೆ ಹೆಚ್ಚಾಗಿ ಬಂದ ರಸ್ತೆಯನ್ನು ಆಮೇಲೆ ಕತ್ತರಿಸಿ. ಮೊಬೈಲಿನ 0.5 ಲೆನ್ಸ್ (ಅತಿ ಅಗಲದ ನೋಟ ಕೊಡುವುದು) ಬೇಡ, ಅಂಚಿನ ಕಂಬಗಳು ಹಿಗ್ಗುತ್ತವೆ. ಕ್ಯಾಮೆರಾ ಇದ್ದರೆ 35 ಎಂಎಂ ಲೆನ್ಸ್, ಎಫ್/8 ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರದ ಅಳತೆ) ಸಾಕು.

ನಡುಹಗಲಿನ ಬಿಸಿಲಿಗೆ ಕಿಟಕಿಯ ಮೇಲಿನ ಮರದ ಪಟ್ಟಿಗಳ ಕೆಳಗೆ ಬರೀ ಕಪ್ಪು ಕಾಣುತ್ತದೆ. ತೆಳುಮೋಡದ ದಿನವೇ ಒಳ್ಳೆಯದು. ಪೂರ್ವಮುಖದ ಮನೆಗೆ ಬೆಳಿಗ್ಗೆ 7ರಿಂದ 8.30. ಉತ್ತರಮುಖದ ಗೋಡೆಗೆ ಬಿಸಿಲು ಬೇಕೆಂದರೆ ಮೇ–ಜುಲೈ ತನಕ ಕಾಯಬೇಕು, ಆಗ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ.

ಆದರೆ ಮನೆಯೊಂದನ್ನೇ ತೆಗೆದರೆ ಕೆಲಸ ಅರ್ಧವಾದಂತೆ. 1898ರ ಪ್ಲೇಗಿನ ನಂತರ ಬೆಳೆದ ಈ ಬಡಾವಣೆಯ ಗುಣವೆಲ್ಲ ಮುಂದಿನ ಖಾಲಿ ಅಂಗಳ, ಗಿಡ್ಡ ಕಾಂಪೌಂಡು, ಗೇಟಿನ ಪಕ್ಕದ ಮರದಲ್ಲಿದೆ. ಅಪಾರ್ಟ್‌ಮೆಂಟ್ ಏಳುವಾಗ ಮೊದಲು ಹೋಗುವುದೂ ಇವೇ! ಅಕ್ಕಪಕ್ಕದ ಮನೆಗಳೂ ಸೇರುವಂತೆ ಇನ್ನೊಂದು ಚಿತ್ರ ಖಂಡಿತ ತೆಗೆಯಿರಿ. ದಿನಾಂಕ, ಲೆನ್ಸ್, ನಿಂತ ಜಾಗ ಬರೆದಿಡಿ. ಜಾಗದ ಗುರುತಿಗೆ ಮರವನ್ನು ನೆಚ್ಚದೆ ರಸ್ತೆಯ ತಿರುವಿನಿಂದ ಅಳತೆ ಹಿಡಿಯಿರಿ.