ಒಂಟಾರಿಯೊದಲ್ಲಿ ಕಾರ್ಮಿಕ ಸಂಬಂಧದ ಕೆಲಸ: ನಿಮ್ಮ ಪ್ರಶ್ನೆಗೆ ಉತ್ತರ

ಭಾರತದಲ್ಲಿ ಕಾರ್ಖಾನೆಯ ಪರ್ಸನಲ್ (ಸಿಬ್ಬಂದಿ) ವಿಭಾಗದಲ್ಲಿ ಒಂಬತ್ತು ವರ್ಷ ದುಡಿದು ಈಗಷ್ಟೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ಟೊರಾಂಟೊಗೆ ಬಂದಿರುವ ನೀವು, ಆ ಅನುಭವ ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಅಥವಾ ಬೇರೆ ವೃತ್ತಿಯನ್ನೇ ಹುಡುಕಬೇಕೇ ಎಂದು ಕೇಳಿದ್ದೀರಿ. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಮಾನವ ಸಂಪನ್ಮೂಲ ಸಲಹೆಗಾರನಾಗಿರುವ ನಾನು ಹೇಳುವುದಿಷ್ಟು: ಅನುಭವ ಖಂಡಿತ ಲೆಕ್ಕಕ್ಕೆ ಬರುತ್ತದೆ, ಆದರೆ ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ.

ವಿವಾದವೆದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ, ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ನ್ಯಾಯಾಲಯ ಎಂಬುದು ಭಾರತದಲ್ಲಿ ನಮಗೆ ರೂಢಿಯಾದ ದಾರಿ. ಬಿಡಬೇಕಾದ ಅಭ್ಯಾಸ ಇದೇ. ಇಲ್ಲಿಯ ದಾರಿ ಬೇರೆ. ಒಂಟಾರಿಯೊದ 1995ರ ಕಾರ್ಮಿಕ ಸಂಬಂಧ ಕಾಯ್ದೆಯ ಪ್ರಕಾರ, ಯೂನಿಯನ್ ಜೊತೆಗಿನ ಒಪ್ಪಂದ ಜಾರಿಯಲ್ಲಿರುವಷ್ಟು ಕಾಲ ಮುಷ್ಕರವೂ ಇಲ್ಲ, ಲಾಕೌಟೂ ಇಲ್ಲ. ಒಪ್ಪಂದದ ಅರ್ಥದ ಬಗ್ಗೆ ತಕರಾರು ಬಂದರೆ ಅದು ಗ್ರಿವೆನ್ಸ್, ಅಂದರೆ ವಿಧಿವತ್ತಾದ ದೂರು ಆಗಿ ಮೆಟ್ಟಿಲುಮೆಟ್ಟಿಲಾಗಿ ಮೇಲೇರಿ, ಕೊನೆಗೆ ತೀರ್ಪು ಕೊಡುವ ಮಧ್ಯಸ್ಥಗಾರರಾದ ಆರ್ಬಿಟ್ರೇಟರ್ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಎರಡೂ ಕಡೆಯವರು ಒಪ್ಪಿಯೇ ಅವರನ್ನು ಆರಿಸುತ್ತಾರೆ, ಶುಲ್ಕವನ್ನೂ ಹಂಚಿಕೊಳ್ಳುತ್ತಾರೆ. ಹಾಗಾಗಿ ಒಪ್ಪಂದದ ಒಂದೊಂದು ಪದಕ್ಕೂ ತೂಕವಿದೆ, ಅಧಿಕಾರಿಯ ಪರಿಚಯಕ್ಕೆ ಇಲ್ಲ.

ನಿಮ್ಮ ಡೊಮೆಸ್ಟಿಕ್ ಎನ್‌ಕ್ವೈರಿಯ, ಅಂದರೆ ಕೆಲಸಗಾರನ ಮೇಲಿನ ಆರೋಪದ ಬಗ್ಗೆ ಸಂಸ್ಥೆಯೊಳಗೇ ನಡೆಸುವ ವಿಚಾರಣೆಯ, ಅನುಭವ ಮಾತ್ರ ಚಿನ್ನದಂಥದ್ದು. ವಜಾ ಮಾಡಿದ್ದಕ್ಕೆ ನ್ಯಾಯವಾದ ಕಾರಣವಿತ್ತೆಂದು ಸಾಬೀತುಪಡಿಸುವ ಹೊಣೆ ಇಲ್ಲಿ ಮಾಲೀಕರದು. ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 11-ಎ ಕಲಂ ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿದ್ದಂಥ, ಶಿಕ್ಷೆಯನ್ನು ತಗ್ಗಿಸುವ ಅಧಿಕಾರ ಇಲ್ಲಿನ ಆರ್ಬಿಟ್ರೇಟರ್‌ಗೂ ಇದೆ. ಆರೋಪವನ್ನು ಸ್ಪಷ್ಟವಾಗಿ ಬರೆಯುವುದು, ಆರೋಪ ಹೊತ್ತ ಕೆಲಸಗಾರನ ಮಾತನ್ನು ಪೂರ್ತಿ ಕೇಳುವುದು, ಕೇಳಿದ್ದನ್ನು ದಾಖಲಿಸುವುದು ನಿಮಗೆ ಆಗಲೇ ಕೈಗೆ ಹತ್ತಿದ ವಿದ್ಯೆ.

ತರಬೇತಿಯ ವಿಷಯ ನನ್ನ ಮನಸ್ಸಿಗೆ ಇನ್ನೂ ಹತ್ತಿರದ್ದು. 2014ರ ಜುಲೈ 1ರಿಂದ ಇಲ್ಲಿ ಕೆಲಸಗಾರರಿಗೂ ಸೂಪರ್‌ವೈಸರ್‌ಗಳಿಗೂ ಮೂಲಭೂತ ಸುರಕ್ಷತಾ ತರಬೇತಿ ಕಡ್ಡಾಯವಾಗಿದೆ. ಆದರೆ ಕಡ್ಡಾಯವಾದದ್ದಷ್ಟೇ ಸಾಲದು. ಒಂದು ಗೋದಾಮಿನಲ್ಲಿ ಓವರ್‌ಟೈಮ್ ಹಂಚಿಕೆಯ ಕುರಿತು ಗ್ರಿವೆನ್ಸ್‌ಗಳ ರಾಶಿಯೇ ಬಿದ್ದಿತ್ತು. ವಿಚಾರಿಸಿದರೆ, ನಿನ್ನೆಯವರೆಗೆ ಉಳಿದ ಕೆಲಸಗಾರರ ಜೊತೆಗೇ ದುಡಿದು ಬಡ್ತಿ ಪಡೆದಿದ್ದ ಸೂಪರ್‌ವೈಸರ್‌ಗಳಿಗೆ ಒಪ್ಪಂದದ ಆ ಕಲಮನ್ನು ಯಾರೂ ಓದಿಸಿರಲಿಲ್ಲ. ಕೆಲಸದ ಜಾಗದಲ್ಲಿ ಯೂನಿಯನ್ನಿನ ಪ್ರತಿನಿಧಿಯಾದ ಸ್ಟೀವರ್ಡನ್ನೂ ಕೂರಿಸಿಕೊಂಡು ಎರಡು ಬೆಳಿಗ್ಗೆ ಅದನ್ನೇ ಸಾಲುಸಾಲಾಗಿ ಓದಿದೆವು. ತಪ್ಪು ಮಾಡಿದ್ದವರಲ್ಲಿ ದುರುದ್ದೇಶವಿರಲಿಲ್ಲ ಎಂದು ಆ ಸ್ಟೀವರ್ಡ್ ಅಲ್ಲಿಯೇ ಒಪ್ಪಿಕೊಂಡಾಗ ನನಗಾದ ಸಮಾಧಾನ ದೊಡ್ಡದು.

ಪ್ರಾಂತ್ಯದ ಮಾನವ ಸಂಪನ್ಮೂಲ ವೃತ್ತಿಸಂಘವಾದ ಎಚ್‌ಆರ್‌ಪಿಎ ಕೊಡುವ ಸಿಎಚ್‌ಆರ್‌ಪಿ ಎಂಬ ವೃತ್ತಿ ಅರ್ಹತೆಗೆ ಬೇಗ ನೋಂದಾಯಿಸಿಕೊಳ್ಳಿ. ಮೊದಲ ಹುದ್ದೆ ನಿಮ್ಮ ಹಿಂದಿನದಕ್ಕಿಂತ ಕೆಳಗಿನದಾದರೂ ಯೂನಿಯನ್ ಇರುವ ಜಾಗವನ್ನೇ ಆರಿಸಿಕೊಳ್ಳಿ. ಬ್ಯಾಂಕು, ವಿಮಾನ, ದೂರಸಂಪರ್ಕ ಸಂಸ್ಥೆಗಳಿಗೆ ಒಂಟಾರಿಯೊದ ಕಾಯ್ದೆಯಲ್ಲ, ಕೆನಡಾದ ಒಕ್ಕೂಟ (ಕೇಂದ್ರ) ಸರ್ಕಾರದ ಕಾನೂನಾದ ಕೆನಡಾ ಲೇಬರ್ ಕೋಡ್ ಅನ್ವಯಿಸುತ್ತದೆ ಎಂಬುದು ಸಂದರ್ಶನಕ್ಕೆ ಮುನ್ನ ನೆನಪಿರಲಿ. ಆರ್ಬಿಟ್ರೇಟರ್‌ಗಳ ತೀರ್ಪುಗಳು ಕ್ಯಾನ್‌ಲಿಐ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವಜಾ ಪ್ರಕರಣದ ಒಂದು ತೀರ್ಪನ್ನು ಓದಿ, ನೀವಾಗಿದ್ದರೆ ಆ ವಿಚಾರಣೆಯನ್ನು ಹೇಗೆ ನಡೆಸುತ್ತಿದ್ದಿರಿ ಎಂದು ನನಗೆ ಬರೆಯಿರಿ. ಮುಂದಿನ ಮಾತನ್ನು ಅಲ್ಲಿಂದ ಆರಂಭಿಸೋಣ.